ಆನ್‌ಲೈನ್ ಪಾಠ: ಖರೀದಿಗಿಂತ ಬಳಕೆ ಮುಖ್ಯ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ 6ರಿಂದ 8ನೇ ತರಗತಿಯ ಮಕ್ಕಳಿಗೆ ಟ್ಯಾಬ್ ದಾನ ಮಾಡಬಯಸುವ ಸದಸ್ಯ ಬಂಧುಗಳು ಒಂದು ಪೂರ್ವಾನುಭವವನ್ನು ಗಮನಿಸಬೇಕು. ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದ್ದಾಗ, 2020ರ ಆಗಸ್ಟ್‌ನಲ್ಲಿ ಆರಂಭವಾದ ರಾಜ್ಯ ಸರ್ಕಾರದ ‘ವಿದ್ಯಾಗಮ’ವು ಮಕ್ಕಳನ್ನು ಸ್ಮಾರ್ಟ್‌ಫೋನ್ ಉಳ್ಳವರು, ಸಾಧಾರಣ ಫೋನ್ ಉಳ್ಳವರು, ಏನೂ ಇಲ್ಲದವರು ಎಂದು ವಿಂಗಡಿಸಿ, ಶಿಕ್ಷಕರನ್ನೇ ಊರೂರಿಗೆ ಕಳುಹಿಸಿತು.

ತೊಗರಿ ಕಟಾವಿಗೆ ತೆರಳುವ ತಂದೆಯೊಡನೆ ಮನೆಯ ಏಕೈಕ ಫೋನೂ ಹೊಲಕ್ಕೆ ಹೋಗುತ್ತದೆ. ಆದುದರಿಂದ ಪಾಠವು ಹತ್ತು ನಿಮಿಷದ್ದಾಗಿರಲಿ. ಶಾಲೆಯಲ್ಲಿಯೇ ಇಳಿಸಿಕೊಂಡು ಸಂಜೆ ಇಂಟರ್‌ನೆಟ್ ಇಲ್ಲದೆ ನೋಡುವಂತಿರಲಿ. ಕೊನೆಯ ಎರಡು ಪ್ರಶ್ನೆಗಳಿಗೆ ಮಗು ನೋಟ್‌ಬುಕ್ಕಿನಲ್ಲಿ ಉತ್ತರಿಸಲಿ. ಮರುದಿನ ಶಿಕ್ಷಕರು ತಿದ್ದಲಿ.

ದುರಸ್ತಿ, ಡೇಟಾ ಹಾಗೂ ಶಿಕ್ಷಕರ ತರಬೇತಿಗೆ ಹಣ ತೆಗೆದಿರಿಸದ ದಾನವು ಶಾಲೆಯ ದಾಸ್ತಾನು ಪುಸ್ತಕದಲ್ಲಿ ಉಳಿದೀತು, ಮಕ್ಕಳಿಗೆ ದಕ್ಕದು.