ಹತ್ತನೆಯ ತರಗತಿಯ ತರುವಾಯ: ರೈತರ ಮಕ್ಕಳಿಗೆ ವೃತ್ತಿಶಿಕ್ಷಣದ ಮಾರ್ಗಗಳು

ನೆಲದ ಗುಣವನ್ನೂ ನೀರಿನ ಅನುಕೂಲವನ್ನೂ ವಿಚಾರಿಸದೆ ಬೀಜವನ್ನು ಆರಿಸುವ ಬೇಸಾಯಗಾರನಿಲ್ಲ. ಆದರೆ ಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ ಈ ವಿಚಾರಣೆಯು ಬಹುಮಟ್ಟಿಗೆ ಪರೀಕ್ಷೆಯ ಫಲಿತಾಂಶವು ಹೊರಬಿದ್ದ ಮೇಲೆ, ಕೆಲವೇ ದಿನಗಳೊಳಗೆ, ನೆರೆಮನೆಯ ಮಕ್ಕಳು ಹೋದ ದಾರಿಯನ್ನು ನೋಡಿ ನಡೆಯುತ್ತದೆ. ಇದರಿಂದಾಗುವ ನಷ್ಟವು ಮುಂದಿನ ಮಳೆಗಾಲದಲ್ಲಿ ತುಂಬಿಬರತಕ್ಕದ್ದಲ್ಲ. ಆದುದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ಮಾರ್ಗಗಳನ್ನು ಮುಂಚಿತವಾಗಿ ಅರಿತಿರುವುದು ಅವಶ್ಯಕ.

ಕೃಷಿ ವಿದ್ಯೆ.— ರೈತರ ಮಕ್ಕಳಿಗೆ ಕೃಷಿ ವಿದ್ಯೆಯನ್ನು ಕಲಿಸುವ ಏರ್ಪಾಡು ನಮ್ಮಲ್ಲಿ ಹೊಸದಲ್ಲ. ಹೆಬ್ಬಾಳದ ಕೃಷಿ ಶಾಲೆಯು 1913ರಲ್ಲಿ ಆರಂಭವಾಗಿ, 1946ರಲ್ಲಿ ಅಲ್ಲಿ ಕಾಲೇಜು ಏರ್ಪಟ್ಟಿತು. ಈಗ ಕೃಷಿ ವಿಶ್ವವಿದ್ಯಾನಿಲಯಗಳು 2 ವರ್ಷದ ಕೃಷಿ ಡಿಪ್ಲೊಮಾವನ್ನು ಕನ್ನಡದಲ್ಲಿಯೇ ಬೋಧಿಸುತ್ತವೆ. ಇದಕ್ಕೆ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು. ಕೃಷಿ ಪದವಿಗಾದರೋ ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿರಬೇಕು. ಪದವಿಯ ಸ್ಥಾನಗಳಲ್ಲಿ ಒಂದು ಭಾಗವು ಕೃಷಿಕರ ಮಕ್ಕಳಿಗೆ ಮೀಸಲಾಗಿದೆ. ಆದರೆ ಕಲಾ ವಿಭಾಗವನ್ನು ಸೇರಿದ ಹುಡುಗನು ಹೊಲದ ಕೆಲಸದಲ್ಲಿ ಎಷ್ಟೇ ನಿಪುಣನಾಗಿದ್ದರೂ ಈ ಸೌಲಭ್ಯವನ್ನು ಪಡೆಯಲಾರನು.

ಕೈಗಾರಿಕಾ ತರಬೇತಿ.— 1950ರಲ್ಲಿ ಆರಂಭವಾದ ಕುಶಲಕರ್ಮಿಗಳ ತರಬೇತಿ ಯೋಜನೆಯು ಐ.ಟಿ.ಐ.ಗಳ ಮೂಲಕ ನಡೆಯುತ್ತಿದೆ. ಎಲೆಕ್ಟ್ರಿಷಿಯನ್, ಫಿಟ್ಟರ್ ಮೊದಲಾದ ವೃತ್ತಿಗಳಿಗೆ 2 ವರ್ಷ; ಟ್ರ್ಯಾಕ್ಟರ್ ಮೆಕ್ಯಾನಿಕ್ ವೃತ್ತಿಗೆ 1 ವರ್ಷ. ವೆಲ್ಡರ್ ಮುಂತಾದ ಕೆಲವಕ್ಕೆ 8ನೆಯ ತರಗತಿಯಲ್ಲಿ ತೇರ್ಗಡೆಯಾಗಿದ್ದರೂ ಪ್ರವೇಶವುಂಟು. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣರಾಗಿ ಮನೆಯಲ್ಲಿ ಕುಳಿತ ಮಕ್ಕಳಿಗೆ ಇದನ್ನು ವಿಶೇಷವಾಗಿ ತಿಳಿಸತಕ್ಕದ್ದು. ತರಬೇತಿಯಾದ ಮೇಲೆ 1961ರ ಶಿಶಿಕ್ಷು ಕಾಯಿದೆಯ ಮೇರೆಗೆ ಕಾರ್ಖಾನೆಗಳಲ್ಲಿ ಭತ್ಯೆಯೊಡನೆ ಅನುಭವವನ್ನು ಪಡೆಯಬಹುದು.

ಕೈಕೆಲಸದ ತರಬೇತಿಯು ಮಂದಬುದ್ಧಿಯವರಿಗೆ ಮಾತ್ರವೆಂಬ ಭಾವನೆಯು ಸರಿಯಲ್ಲ. 2 ವರ್ಷದ ಐ.ಟಿ.ಐ. ಮುಗಿಸಿದವರು ತಕ್ಕ ಶಾಖೆಯ 3 ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಪಡೆದವರು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೂ ಸೇರಲು ಅವಕಾಶವಿದೆ. ಇದಲ್ಲದೆ, ಬಿತ್ತನೆಯ ಕಾಲದಲ್ಲಿ ಟ್ರ್ಯಾಕ್ಟರು ಕೆಟ್ಟರೆ, ಬೇಸಗೆಯಲ್ಲಿ ಪಂಪು ಸುಟ್ಟರೆ, ರಿಪೇರಿಗಾಗಿ ಪಟ್ಟಣದತ್ತ ನೋಡುತ್ತ ದಿನಗಳೆಯುವ ಕಷ್ಟವು ರೈತರಿಗೆ ತಿಳಿದೇ ಇದೆ. ಊರಿನ ಮಗನೋ ಮಗಳೋ ಈ ವಿದ್ಯೆಯನ್ನು ಕಲಿತರೆ ಅವರಿಗೂ ಜೀವನ, ಊರಿಗೂ ಅನುಕೂಲ.

ಗ್ರಾಮದ ಪ್ರಮುಖರು ಮಾಡಬೇಕಾದ ಕಾರ್ಯಗಳು:—

1. ಪರೀಕ್ಷೆಗೆ ಎರಡು ಮೂರು ತಿಂಗಳ ಮೊದಲೇ ಹೈಸ್ಕೂಲಿನ ಮುಖ್ಯೋಪಾಧ್ಯಾಯರೊಡನೆ ಮಾತನಾಡಿ ತಂದೆತಾಯಿಗಳ ಸಭೆಯನ್ನು ಕೂಡಿಸಿ, ಐ.ಟಿ.ಐ. ಬೋಧಕರನ್ನೂ ಕೃಷಿ ಅಧಿಕಾರಿಗಳನ್ನೂ ಬರಮಾಡಿಕೊಳ್ಳುವುದು.

2. ಹುಡುಗರನ್ನೂ ಹುಡುಗಿಯರನ್ನೂ ಸಮೀಪದ ತರಬೇತಿ ಸಂಸ್ಥೆಗೆ ಕರೆದೊಯ್ದು ಕೆಲಸವನ್ನು ಕಣ್ಣಾರೆ ತೋರಿಸುವುದು. ಮಕ್ಕಳ ಒಲವನ್ನು ಕೇಳಿ ತಿಳಿಯುವುದು.

3. ಜಾತಿ, ಆದಾಯ ಮತ್ತು ಕೃಷಿಕ ಕುಟುಂಬದ ಪ್ರಮಾಣಪತ್ರಗಳನ್ನು ಮುಂಚೆಯೇ ಮಾಡಿಸಿಡುವಂತೆ ತಿಳಿಸುವುದು.

4. ಖಾಸಗಿ ಸಂಸ್ಥೆಯಾದರೆ, ಸೇರಬೇಕೆಂದಿರುವ ವೃತ್ತಿಗೆ ಮಾನ್ಯತೆಯಿದೆಯೇ ಎಂಬುದನ್ನು ಸರ್ಕಾರಿ ಐ.ಟಿ.ಐ.ಯಲ್ಲಿ ವಿಚಾರಿಸಿದ ಹೊರತು ಶುಲ್ಕವನ್ನು ಕಟ್ಟದಂತೆ ಎಚ್ಚರಿಸುವುದು.

ಇದಕ್ಕೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ. ಸಕಾಲದಲ್ಲಿ ಒಂದು ದಿನದ ಶ್ರಮ ಸಾಕು. ಊರಿನ ಹಿರಿಯರು ಈ ಭಾರವನ್ನು ವಹಿಸಿಕೊಂಡರೆ, ತಿಳಿವಳಿಕೆಯಿಲ್ಲದ ಕಾರಣದಿಂದಲೇ ದಾರಿತಪ್ಪುವ ಮಕ್ಕಳ ಸಂಖ್ಯೆಯು ಕಡಮೆಯಾಗುವುದರಲ್ಲಿ ಸಂದೇಹವಿಲ್ಲ.