ಇಂಗ್ಲಿಷಿನ ಪರಿಮಾಣವಾಚಕಗಳು ಮತ್ತು ವ್ಯವಹಾರ ಪತ್ರಗಳು

ವ್ಯವಹಾರದಲ್ಲಿ ಪತ್ರವು ವರ್ತಕನ ಪ್ರತಿನಿಧಿ. ಎದುರಿಗೆ ಕುಳಿತು ಆಡಿದ ಮಾತು ತಪ್ಪಿದರೆ ಒಡನೆಯೇ ತಿದ್ದಿಕೊಳ್ಳಬಹುದು. ಬರೆದು ಕಳುಹಿಸಿದ ಮಾತನ್ನು, ಅದು ಕಾಗದವಿರಲಿ ಇ-ಮೇಲ್ ಇರಲಿ, ಓದುವವನು ತನಗೆ ತೋರಿದಂತೆಯೇ ಅರ್ಥಮಾಡಿಕೊಳ್ಳುತ್ತಾನೆ. ಅದರಲ್ಲಿಯೂ 'ಎಷ್ಟು' ಎಂಬುದನ್ನು ತಿಳಿಸುವ ಪರಿಮಾಣವಾಚಕಗಳಲ್ಲಿ ತಪ್ಪಾದರೆ ನಷ್ಟವು ಭಾಷೆಗಷ್ಟೇ ಅಲ್ಲ, ವ್ಯಾಪಾರಕ್ಕೂ ತಟ್ಟುತ್ತದೆ.

ಇಂಥ ತಪ್ಪುಗಳಿಗೆ ಅನೇಕ ವೇಳೆ ಮಾತೃಭಾಷೆಯ ಅಭ್ಯಾಸವೇ ಕಾರಣ. ಕನ್ನಡದಲ್ಲಿ 'ಎಷ್ಟು ಚೀಲ' ಎನ್ನುತ್ತೇವೆ, 'ಎಷ್ಟು ಎಣ್ಣೆ' ಎಂದೂ ಎನ್ನುತ್ತೇವೆ. ಇಂಗ್ಲಿಷಿನಲ್ಲಾದರೋ ಎಣಿಸಬಹುದಾದ ಚೀಲಕ್ಕೆ 'ಮೆನಿ', ಅಳೆಯಬೇಕಾದ ಎಣ್ಣೆಗೆ 'ಮಚ್'. ನಮ್ಮ 'ಕಡಿಮೆ' ಎಂಬ ಒಂದೇ ಶಬ್ದಕ್ಕೂ ಅಲ್ಲಿ ಎರಡು ರೂಪ: ಚೀಲಗಳು ಕಡಿಮೆಯಾದರೆ 'ಫ್ಯೂಯರ್', ಎಣ್ಣೆ ಕಡಿಮೆಯಾದರೆ 'ಲೆಸ್'. ಹಣವನ್ನು ಸಂಖ್ಯೆಯಿಂದ ಹೇಳಿದರೂ ಒಂದೇ ಮೊತ್ತವೆಂದು ಭಾವಿಸುವುದರಿಂದ 'ಲೆಸ್ ದ್ಯಾನ್ ಫೈವ್ ಹಂಡ್ರೆಡ್ ರುಪೀಸ್' ಎಂಬುದೇ ಸಾಧು. 'ಇನ್ಫರ್ಮೇಷನ್', 'ಫರ್ನಿಚರ್' ಮೊದಲಾದವು ಎಣಿಕೆಗೆ ಒಳಪಡದ ಶಬ್ದಗಳು; ಅವುಗಳಿಗೆ ಬಹುವಚನ ಪ್ರತ್ಯಯ ಹಚ್ಚಲಾಗದು.

ಇನ್ನೊಂದು ಸೂಕ್ಷ್ಮವುಂಟು. ಬ್ಯಾಡಗಿಯ ಮೆಣಸಿನಕಾಯಿ ವರ್ತಕನೊಬ್ಬನು ಪರಸ್ಥಳದ ಗಿರಾಕಿಗೆ 'ವಿ ಹ್ಯಾವ್ ಫ್ಯೂ ಬ್ಯಾಗ್ಸ್' ಎಂದು ಬರೆದನೆನ್ನೋಣ. ಅವನ ಮನಸ್ಸಿನಲ್ಲಿದ್ದುದು 'ಕೆಲವು ಚೀಲಗಳಿವೆ, ಕೊಳ್ಳಬಹುದು' ಎಂಬ ಭರವಸೆ. ಗಿರಾಕಿ ಓದಿಕೊಂಡುದು 'ಕೆಲವೇ ಚೀಲಗಳಿವೆ, ಸಾಲವು' ಎಂಬ ನಿರಾಶೆ. ಅವನು ಬೇರೊಂದು ಅಂಗಡಿಯನ್ನು ಹುಡುಕಿಕೊಳ್ಳುವನು. 'ಎ ಫ್ಯೂ' ಎಂಬಲ್ಲಿನ 'ಎ' ಬಿಟ್ಟುಹೋದುದರ ಫಲವಿದು. ಈ ಭೇದ ಕನ್ನಡಿಗರಿಗೆ ಹೊಸದೇನಲ್ಲ. 'ಕೆಲವರು ಬಂದರು', 'ಕೆಲವರೇ ಬಂದರು' ಎಂಬ ಮಾತುಗಳ ನಡುವಣ ಅಂತರವೇ ಅದು. ನಾವು 'ಏ'ಕಾರವನ್ನು ಸೇರಿಸಿ ಕೊರತೆಯನ್ನು ಸೂಚಿಸುತ್ತೇವೆ. ಇಂಗ್ಲಿಷರು 'ಎ' ಎಂಬುದನ್ನು ಬಿಟ್ಟು ಸೂಚಿಸುತ್ತಾರೆ. ಎಣಿಸಲಾಗದ ವಸ್ತುಗಳಿಗೆ ಬಳಸುವ 'ಲಿಟ್ಲ್', 'ಎ ಲಿಟ್ಲ್'ಗಳಿಗೂ ಇದೇ ನಿಯಮ.

ಸಾಧ್ಯವಿದ್ದಲ್ಲೆಲ್ಲ ಸಂಖ್ಯೆಯನ್ನೇ ಬರೆಯುವುದು ಕ್ಷೇಮ. ಆದರೆ ಸಂಖ್ಯೆಯ ಹೆಸರುಗಳಲ್ಲಿಯೂ ಎಚ್ಚರ ಬೇಕು. ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ. ಬ್ರಿಟನ್ನಿನಲ್ಲಿ ಹಿಂದೆ ಬಿಲಿಯನ್ ಎಂದರೆ ಮಿಲಿಯನ್ ಮಿಲಿಯನ್, ಅಂದರೆ ಲಕ್ಷ ಕೋಟಿ, ಎಂಬ ಅರ್ಥವಿದ್ದಿತು. ಸಾವಿರ ಮಿಲಿಯನ್ ಎಂಬ ಅರ್ಥದಲ್ಲಿಯೇ ಸರ್ಕಾರವು ಅದನ್ನು ಬಳಸುವುದೆಂದು ಅಲ್ಲಿನ ಪ್ರಧಾನಿ ಹೆರಾಲ್ಡ್ ವಿಲ್ಸನ್‌ರು 1974ರಲ್ಲಿ ಸಂಸತ್ತಿಗೆ ತಿಳಿಸಿದರು. ಆದುದರಿಂದ ಹಳೆಯ ಬ್ರಿಟಿಷ್ ಗ್ರಂಥಗಳಲ್ಲಿ ಈ ಶಬ್ದವನ್ನು ಕಂಡಾಗ ಕಾಲವನ್ನು ಗಮನಿಸಬೇಕು. ಲಕ್ಷ, ಕೋಟಿಗಳನ್ನು ಅರಿಯದ ವಿದೇಶೀ ಗಿರಾಕಿಗೆ ಬರೆಯುವಾಗ 10,00,000 ಎನ್ನದೆ 1,000,000 ಎಂದು ಅಲ್ಪವಿರಾಮ ಹಾಕುವುದು ಲೇಸು.

ಅಧ್ಯಾಪಕರು ಸೂತ್ರಗಳನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ ವಿದ್ಯಾರ್ಥಿಗಳಿಂದ ಒಂದು ಬೇಡಿಕೆಯ ಪತ್ರವನ್ನೋ ಬ್ಯಾಂಕಿನ ಅರ್ಜಿಯನ್ನೋ ಬರೆಯಿಸಿ, ಕನ್ನಡದ ಪ್ರಯೋಗಗಳೊಡನೆ ಹೋಲಿಸಿ ತೋರಿಸಿದರೆ ಈ ವಿಷಯ ಸುಲಭವಾಗಿ ಮನಸ್ಸಿನಲ್ಲಿ ನಿಲ್ಲುವುದು. ತಕ್ಕಡಿಯ ಮುಳ್ಳನ್ನು ಎಚ್ಚರದಿಂದ ನೋಡುವ ವರ್ತಕನು ತನ್ನ ಮಾತಿನ ತೂಕವನ್ನೂ ಹಾಗೆಯೇ ನೋಡಿಕೊಳ್ಳಬೇಕಲ್ಲವೇ?