ಹಳೆ ವಾಕಿ-ಟಾಕಿ, ಅದಕ್ಕಿಂತ ಹಳೆ ಕಂಪ್ಯೂಟರ್

ನನ್ನ ಅಂಗಡಿಗೆ ಬರುವ ಹಳೆಯ ವಾಕಿ-ಟಾಕಿಗಳಲ್ಲಿ ನಿಜವಾಗಿ ಕೆಟ್ಟಿರುವಂಥವು ಕಡಿಮೆ. ಶಹಾಪುರದ ಜಿನ್ನಿಂಗ್ ಮಿಲ್‌ಗಳಿಂದ, ಯಾದಗಿರಿಯ ದಾಲ್‌ಮಿಲ್‌ಗಳಿಂದ ಬರುತ್ತವೆ. ಬ್ಯಾಟರಿ ಸತ್ತಿರುತ್ತದೆ, ಆಂಟೆನಾ ಮುರಿದಿರುತ್ತದೆ, ಒತ್ತಿ ಮಾತಾಡುವ ಗುಂಡಿಯ ರಬ್ಬರ್ ಹರಿದಿರುತ್ತದೆ. ಉಳಿದದ್ದೆಲ್ಲ ಗಟ್ಟಿಯಾಗಿಯೇ ಇರುತ್ತದೆ. ಹತ್ತಿ ಸೀಸನ್ನಿಗೆ ಮುಂಚೆ, ಮಿಲ್ಲಿನ ಗೇಟು ಕಾಯುವ ಹುಡುಗನೊಬ್ಬ ಮೋಟೊರೊಲಾ ಜಿಪಿ 300 ಸೆಟ್ಟೊಂದನ್ನು ತಂದಿಟ್ಟ.

“ಕಾಕಾ, ಅವ್ರು ಮಾತಾಡಿದ್ದು ನಮಗ ಕೇಳಸ್ತದ. ನಾವು ಮಾತಾಡಿದ್ದು ಅವ್ರಿಗೆ ಮುಟ್ಟವಲ್ದು. ಗುಜರಿಗೆ ಹಾಕಂದಾರ ಸಾವಕಾರ್ರು.”

“ಗುಜರಿಗಿ ಯಾಕೋ ತಮ್ಮಾ? ಸೆಟ್ ಚಲೋ ಅದ. ಟೋನ್ ತಪ್ಪ್ಯದ, ಅಷ್ಟ.”

ಟೋನ್ ಎಂದರೆ ಮಾತಿನ ಜೊತೆಗೇ ಸೆಟ್ಟು ಕಳಿಸುವ ತಗ್ಗಿದ ಗುಂಯ್‌ಗುಡುವ ಸದ್ದು. 67 ಹರ್ಟ್ಸ್‌ನಿಂದ ಸುಮಾರು 250 ಹರ್ಟ್ಸ್‌ವರೆಗೆ ಗೊತ್ತುಪಡಿಸಿದ ಟೋನ್‌ಗಳಿವೆ. ಕೇಳುವ ಸೆಟ್ಟು ತನ್ನ ಟೋನ್ ಬಂದರಷ್ಟೇ ಸ್ಪೀಕರ್ ತೆರೆಯುತ್ತದೆ. ಒಬ್ಬರದು 88.5, ಇನ್ನೊಬ್ಬರದು 100 ಆದರೆ ಫ್ರೀಕ್ವೆನ್ಸಿ ಒಂದೇ ಇದ್ದರೂ ಮಾತು ದಾಟುವುದಿಲ್ಲ. ಆ ಹುಡುಗನ ಸೆಟ್ಟಿನಲ್ಲಿ ಕೇಳುವ ಕಡೆ ಸರಿಯಿತ್ತು, ಕಳಿಸುವ ಕಡೆ ಬೇರೆ ಟೋನ್ ಕೂತಿತ್ತು.

ಇನ್ನೂ ಹಿಂದಿನ ಸೆಟ್‌ಗಳಲ್ಲಿ ಚಾನೆಲ್ ಬದಲಿಸಬೇಕೆಂದರೆ ಆ ಫ್ರೀಕ್ವೆನ್ಸಿಗೆಂದೇ ಕೊಯ್ದ ಕ್ರಿಸ್ಟಲ್ ತರಿಸಿ ಬೆಸುಗೆ ಹಾಕಬೇಕಿತ್ತು. ಆಮೇಲೆ ಬಂದ ಸೆಟ್‌ಗಳು ಒಂದೇ ಕ್ರಿಸ್ಟಲ್ಲಿನ ಆಧಾರದಲ್ಲಿ ಬೇಕಾದ ಫ್ರೀಕ್ವೆನ್ಸಿಯನ್ನು ತಾವೇ ಹುಟ್ಟಿಸುತ್ತವೆ. ಯಾವುದನ್ನು ಹುಟ್ಟಿಸಬೇಕು, ಎಷ್ಟು ವ್ಯಾಟ್, ಯಾವ ಟೋನ್, ಗುಂಡಿ ಒತ್ತಿಯೇ ಹಿಡಿದರೆ ಎಷ್ಟು ಹೊತ್ತಿಗೆ ತಾನಾಗಿ ನಿಲ್ಲಬೇಕು, ಇದೆಲ್ಲ ಒಂದು ಸಣ್ಣ ಮೆಮೊರಿ ಚಿಪ್ಪಿನಲ್ಲಿ ಇರುತ್ತದೆ. ನಾವು ಪ್ರೋಗ್ರಾಮಿಂಗ್ ಎನ್ನುವುದು ಈ ಚಿಪ್ಪನ್ನು ಓದಿ, ತಿದ್ದಿ, ಮತ್ತೆ ಬರೆಯುವ ಕೆಲಸಕ್ಕೆ.

ತೊಡಕು ಇರುವುದು ಕಂಪ್ಯೂಟರಿನಲ್ಲಿ. ಜಿಪಿ 300, ಗಾಡಿಯಲ್ಲಿ ಕೂರಿಸುವ ಜಿಎಂ 300 ಇವುಗಳ ಪ್ರೋಗ್ರಾಂ ಡಾಸ್ ಕಾಲದ್ದು. ಹೊತ್ತನ್ನು ಅಳೆಯಲು ಅದು ಗಡಿಯಾರ ನೋಡುವುದಿಲ್ಲ, ತನ್ನೊಳಗೇ ಎಣಿಕೆ ಮಾಡುತ್ತದೆ. 486ರಂಥ ನಿಧಾನದ ಯಂತ್ರಕ್ಕೆ ಆ ಎಣಿಕೆ ಹೊಂದುತ್ತದೆ. ಇಂದಿನ ಕಂಪ್ಯೂಟರಿನಲ್ಲಿ ಎಣಿಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಸೆಟ್ಟು ಉತ್ತರ ಕೊಡುವ ಮೊದಲೇ ಪ್ರೋಗ್ರಾಂ ಕೈಬಿಡುತ್ತದೆ. ಬರೆಯುವಾಗ ಹೀಗಾದರೆ ಅರ್ಧ ಬರೆದ ಚಿಪ್ ಉಳಿಯುತ್ತದೆ, ಸೆಟ್ಟು ಮಾತೇ ಆಡುವುದಿಲ್ಲ. ಅದಕ್ಕೇ ಸೀರಿಯಲ್ ಪೋರ್ಟ್ ಇರುವ ಹಳೆ ಲ್ಯಾಪ್‌ಟಾಪ್ ಒಂದನ್ನು ಇದಕ್ಕೆಂದೇ ಇಟ್ಟುಕೊಂಡಿದ್ದೇನೆ. ಅದರ ಪೋರ್ಟಿನಲ್ಲಿ ಬರುವ ವೋಲ್ಟೇಜ್ ಜಾಸ್ತಿ, ಸೆಟ್ಟಿಗೆ ಬೇಕಾದದ್ದು 5 ವೋಲ್ಟ್. ನಡುವೆ ‘ರಿಬ್’ ಎಂಬ ಪುಟ್ಟ ಪೆಟ್ಟಿಗೆ ಕೂತು ಇದನ್ನು ಹೊಂದಿಸುತ್ತದೆ. ಜಿಎಂ 300ಕ್ಕೆ ವೈರು ಮೈಕಿನ ಸಾಕೆಟ್ಟಿಗೇ ಹೋಗುತ್ತದೆ, ಜಿಪಿ 300ಕ್ಕೆ ಪಕ್ಕದ ಕನೆಕ್ಟರಿಗೆ.

ಸೀರಿಯಲ್ ಪೋರ್ಟ್ ಇಲ್ಲದ ಕಂಪ್ಯೂಟರಿಗೆಂದು ಯುಎಸ್‌ಬಿ ಕೇಬಲ್ ಕೊಂಡು ತಂದು ತಲೆ ಕೆಡಿಸಿಕೊಂಡವರು ಬಹಳ ಮಂದಿ. ಅಗ್ಗದ ಕೇಬಲ್‌ಗಳಲ್ಲಿ ಪ್ರೊಲಿಫಿಕ್ ಕಂಪನಿಯ ಚಿಪ್ಪಿನ ನಕಲು ಇರುತ್ತದೆ. ಹೊಸ ಡ್ರೈವರ್ ನಕಲನ್ನು ಗುರುತಿಸಿ ಕೆಲಸ ನಿಲ್ಲಿಸುತ್ತದೆ. ಜನ ಸೆಟ್ಟನ್ನೇ ಬಯ್ಯುತ್ತಾರೆ.

ನನ್ನ ಮೇಜಿನ ಮೇಲೆ ಒಂದು ಕ್ರಮ ತಪ್ಪುವುದಿಲ್ಲ. ತುಂಬಿದ ಬ್ಯಾಟರಿ ಹಾಕು, ಮೊದಲು ಓದು, ಓದಿದ್ದನ್ನು ಫೈಲಾಗಿ ಉಳಿಸು, ಫ್ರೀಕ್ವೆನ್ಸಿ ಮತ್ತು ಟೋನನ್ನು ನೋಟ್‌ಬುಕ್ಕಿನಲ್ಲೂ ಬರೆ, ಆಮೇಲೆ ತಿದ್ದು. ಫೈಲ್ ಹೋದರೂ ನೋಟ್‌ಬುಕ್ ಇರುತ್ತದೆ.

“ಖಾಲಿ ಇರೋ ಯಾವ್ದರ ಫ್ರೀಕ್ವೆನ್ಸಿ ಹಾಕಿಕೊಡ್ರಿ” ಎಂದು ಕೇಳುವವರಿಗೆ ನಾನು ಒಪ್ಪುವುದಿಲ್ಲ. ನಮಗೆ ಖಾಲಿ ಕಂಡ ಜಾಗ ಪೊಲೀಸರದ್ದೋ ರೈಲ್ವೆಯದ್ದೋ ಇರಬಹುದು. ಯಾದಗಿರಿ ಸ್ಟೇಷನ್ ದಾಟುವ ಗಾಡಿಗಳ ಲೋಕೊ ಪೈಲಟ್, ಟ್ರೇನ್ ಮ್ಯಾನೇಜರ್ (ಹಿಂದಿನ ಗಾರ್ಡ್) ವಾಕಿ-ಟಾಕಿಯಲ್ಲೇ ಮಾತಾಡುತ್ತಾರೆ. ಅದರ ಮೇಲೆ ನಾವು ಮಾತಾಡುವುದು ಬರೀ ಅಪರಾಧವಲ್ಲ, ಜೀವದ ಪ್ರಶ್ನೆ. ಮಿಲ್ಲಿನ ಲೈಸೆನ್ಸ್ ಕಾಗದದಲ್ಲಿ ಇರುವ ಫ್ರೀಕ್ವೆನ್ಸಿಯನ್ನೇ ಬರೆಯುತ್ತೇನೆ. 2018ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಬೇಡ, ಆದರೆ ಅದು ಕಡಿಮೆ ಶಕ್ತಿಯ, ಅನುಮೋದನೆ ಪಡೆದ ಸೆಟ್‌ಗಳಿಗೆ ಮಾತ್ರ. 4 ವ್ಯಾಟಿನ ಹಳೆ ಸೆಟ್ಟಿಗೆ ಆ ಅಂಕಿ ತುಂಬಿದ ಮಾತ್ರಕ್ಕೆ ಅದು ಕಾನೂನುಬದ್ಧ ಆಗುವುದಿಲ್ಲ.

ಇನ್ನೊಂದು ದಾರಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾದರೆ ವಿಯು 2 ಅಥವಾ ವಿಯು 3 ಎಂದು ಶುರುವಾಗುವ ಕರೆಸಂಕೇತ ಸಿಗುತ್ತದೆ. 12 ವರ್ಷ ತುಂಬಿದವರು ಕೂರಬಹುದು. ಹ್ಯಾಮ್‌ಗಳಿಗೆ ಮೀಸಲಾದ 144–146 ಮೆಗಾಹರ್ಟ್ಸ್ ಪಟ್ಟಿಗೆ, 136–162ರ ಜಿಎಂ 300 ಚೆನ್ನಾಗಿ ಒಗ್ಗುತ್ತದೆ. 146–174ರದ್ದು ಬೇಡ, ಹಿಂದಿನ ಲೇಬಲ್ ನೋಡಿ ಕೊಳ್ಳಬೇಕು.

ನಮ್ಮ ಯಾದಗಿರಿ ಜಿಲ್ಲೆಗೆ ಇದು ಬರೀ ಹವ್ಯಾಸವಲ್ಲ. 2019ರ ಆಗಸ್ಟಿನಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣೆಗೆ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಕೊಳ್ಳೂರು ಸೇತುವೆ ಮುಳುಗಿತು. ಕಕ್ಕೇರಾ ಬಳಿಯ ನಡುಗಡ್ಡೆ ನೀಲಕಂಠರಾಯನಗಡ್ಡಿಗೆ ಆ ಪ್ರವಾಹದಲ್ಲಿ ದಾರಿಯೇ ಇರಲಿಲ್ಲ. ಕರೆಂಟು ಹೋದ ಮೇಲೆ ಮೊಬೈಲ್ ಟವರ್ ತನ್ನ ಬ್ಯಾಟರಿ, ಡೀಸೆಲ್ ಇರುವಷ್ಟು ಹೊತ್ತೇ. ವಾಕಿ-ಟಾಕಿಗೆ ಟವರಿನ ಹಂಗಿಲ್ಲ. 2004ರ ಸುನಾಮಿಯಲ್ಲಿ ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದವರಲ್ಲಿ ಹ್ಯಾಮ್‌ಗಳೂ ಇದ್ದರು.

ಊರೊಳಗೆ ಕೈಸೆಟ್ಟಿನಿಂದ ಕೈಸೆಟ್ಟಿಗೆ ಎರಡು ಮೂರು ಕಿಲೋಮೀಟರ್ ಸಿಕ್ಕರೆ ಪುಣ್ಯ. ಸುರಪುರವಂತೂ ಗುಡ್ಡಗಳ ನಡುವಿನ ಊರು, ಬಂಡೆ ಅಡ್ಡ ಬಂದರೆ ಮಾತು ಅಲ್ಲೇ ನಿಲ್ಲುತ್ತದೆ. ಅದೇ ಸೆಟ್ಟು ಸುತ್ತಲಿನ ನೆಲಕ್ಕಿಂತ 100 ಮೀಟರ್ ಎತ್ತರದಲ್ಲಿದ್ದರೆ ಲೆಕ್ಕದ ಪ್ರಕಾರ ಅದರ ದಿಗಂತ ಸುಮಾರು 40 ಕಿಲೋಮೀಟರ್. ಸುರಪುರದ ಟೇಲರ್ ಮಂಜಿಲ್ ಇರುವ ಗುಡ್ಡ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಯಾದಗಿರಿಯ ಕೋಟೆ ಇವೆಲ್ಲ ನಮಗೆ ಪುಕ್ಕಟೆ ಸಿಕ್ಕ ಆಂಟೆನಾ ಕಂಬಗಳು. ಮಳೆಗಾಲದಲ್ಲಿ ಲೈಸೆನ್ಸ್ ಇರುವ ಒಬ್ಬೊಬ್ಬ ಹ್ಯಾಮ್ ಈ ಮೂರು ಎತ್ತರಗಳಲ್ಲಿ ಕೂತರೆ ನದಿದಂಡೆಯ ಊರುಗಳ ಸುದ್ದಿ ಜಿಲ್ಲಾಕೇಂದ್ರಕ್ಕೆ ತಲುಪಿಸಬಹುದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಸೆಟ್‌ಗಳು ಮಿಲ್ಲಿನ ಕಪಾಟುಗಳಲ್ಲಿ ಬಿದ್ದಿವೆ. ಪರೀಕ್ಷೆಗೆ ಓದುವ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರು ಬಂದರೆ ಆ ಹಳೆ ಲ್ಯಾಪ್‌ಟಾಪನ್ನೂ ರಿಬ್ಬನ್ನೂ ಅವರ ಕೈಗೇ ಕೊಟ್ಟು ಕಲಿಸುತ್ತೇನೆ. ಅಂಗಡಿ ಸಂಜೆ ಎಂಟರವರೆಗೆ ತೆರೆದಿರುತ್ತದೆ.